ಸಂಘವೋ, ಟ್ರಸ್ಟೋ, ಕಂಪನಿಯೋ? ಕಾಸರಗೋಡಿನಲ್ಲಿ ಸಂಸ್ಥೆ ಕಟ್ಟುವವರಿಗೆ

"ಯಾವುದು ಬೇಗ ರಿಜಿಸ್ಟರ್ ಆಗುತ್ತದೆ?" ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಹೊಸ ಸಂಸ್ಥೆ ಕಟ್ಟಲು ಹೊರಟವರು ಮೊದಲು ಕೇಳುವುದು ಇದನ್ನೇ. ಎರಡನೆಯ ಪ್ರಶ್ನೆ, "ಖರ್ಚೆಷ್ಟು?" ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಐದಾರು ವರ್ಷ ಕಳೆದ ಮೇಲೆ ಸಂಸ್ಥೆ ಒಡೆಯುವುದು ಈ ಎರಡು ಕಾರಣಕ್ಕಲ್ಲ. ಅಧ್ಯಕ್ಷರು ಕುರ್ಚಿ ಬಿಡುವುದಿಲ್ಲ, ಇಲ್ಲವೇ ಕಾರ್ಯದರ್ಶಿ ಲೆಕ್ಕ ಕೊಡುವುದಿಲ್ಲ, ಇಲ್ಲವೇ ಲೆಕ್ಕ ಕೊಟ್ಟರೂ ಕೇಳುವವರು ಯಾರೂ ಇಲ್ಲ. ಹಾಗಾಗಿ ನಾನು ಸಂಘ, ಟ್ರಸ್ಟ್, ಲಾಭ ಹಂಚಿಕೊಳ್ಳದ ಸೆಕ್ಷನ್ 8 ಕಂಪನಿ ಎಂಬ ಮೂರು ದಾರಿಗಳನ್ನು ಒಂದೇ ಅಳತೆಯಲ್ಲಿ ನೋಡುತ್ತೇನೆ: ಆಡಳಿತ ನಡೆಸುವವರನ್ನು ಬದಲಾಯಿಸುವ ಹಕ್ಕು ಯಾರಿಗಿದೆ, ಲೆಕ್ಕ ಕೇಳುವ ಹಕ್ಕು ಯಾರಿಗಿದೆ?

ತೆರಿಗೆ ವಿನಾಯಿತಿಯ ಮಾತು ಮೊದಲೇ ಮುಗಿಸಿಬಿಡೋಣ. 12ಎ (ಸಂಸ್ಥೆಯ ಆದಾಯಕ್ಕೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ವಿನಾಯಿತಿ) ಎಂದು ಎಲ್ಲರೂ ಹೇಳುವ ಆ ನೋಂದಣಿಗಳು ಮೂರು ಬಗೆಯ ಸಂಸ್ಥೆಗೂ ಸಿಗುತ್ತವೆ. ಕಂಪನಿಗಳು ಸಾಮಾಜಿಕ ಹೊಣೆ ಎಂದು ಕೊಡುವ ಸಿಎಸ್‌ಆರ್ ಹಣವೂ ಅಷ್ಟೇ. "ಸೆಕ್ಷನ್ 8 ಕಂಪನಿ ಮಾಡಿದರೆ ಮಾತ್ರ ಸಿಎಸ್‌ಆರ್ ಬರುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೆರಿಗೆ ನೋಂದಣಿ ಇದ್ದು, ಮೂರು ವರ್ಷ ಕೆಲಸ ಮಾಡಿದ ದಾಖಲೆ ಇದ್ದು, ಸಿಎಸ್‌ಆರ್-1 ಫಾರಂ ಸಲ್ಲಿಸಿದ ಸಂಘಕ್ಕೂ ಟ್ರಸ್ಟಿಗೂ ಅದನ್ನು ಪಡೆಯುವ ಅರ್ಹತೆ ಇದೆ. ಸಿಗುತ್ತದೋ ಇಲ್ಲವೋ ಬೇರೆ ಮಾತು.

ಗಡಿಯವರಿಗೆ ಮಾತ್ರ ಇರುವ ತೊಡಕು

ನಮ್ಮ ಊರಿನ ಇತಿಹಾಸವೇ ಇಲ್ಲಿ ಕಾನೂನಾಗಿ ಬಂದು ಕೂತಿದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಆಮೇಲೆ ಕೇರಳದ ಮಲಬಾರಿನ ಭಾಗ. ಅದಕ್ಕೇ ಇಲ್ಲಿ ಸಂಘ ನೋಂದಾಯಿಸುವುದು ಬ್ರಿಟಿಷರ ಕಾಲದ 1860ರ ಸಂಘಗಳ ನೋಂದಣಿ ಕಾಯ್ದೆಯಡಿ. ಅದೇ ಕೇರಳದಲ್ಲಿ ಎರ್ನಾಕುಲಂ, ತಿರುವನಂತಪುರದ ಕಡೆ 1955ರ ತಿರುವಾಂಕೂರು-ಕೊಚ್ಚಿ ಕಾಯ್ದೆ. ತಲಪಾಡಿ ದಾಟಿದರೆ ಕರ್ನಾಟಕದ 1960ರ ಕಾಯ್ದೆ. ಅಲ್ಲಿ ನೋಂದಣಿ ಮಾಡುವುದು ಸಹಕಾರ ಇಲಾಖೆ, ಇಲ್ಲಿ ನೋಂದಣಿ ಇಲಾಖೆಯ ಜಿಲ್ಲಾ ರಿಜಿಸ್ಟ್ರಾರ್.

ಇದನ್ನು ಯಾಕೆ ಹೇಳಿದೆ ಅಂದ್ರೆ, ನಮ್ಮವರು ಬೈಲಾ (ಸಂಘದ ನಿಯಮಾವಳಿ) ಬರೆಯುವುದಿಲ್ಲ, ತರಿಸುತ್ತಾರೆ. ಮಂಗಳೂರಿನ ಯಾವುದೋ ಸಂಘದ ಬೈಲಾವನ್ನು ವಾಟ್ಸಾಪಿನಲ್ಲಿ ತರಿಸಿ, ಹೆಸರು ಬದಲಿಸಿ, ಉಳಿದದ್ದನ್ನು ಹಾಗೇ ಬಿಟ್ಟು ಸಹಿ ಹಾಕುತ್ತಾರೆ. ಒಳಗೆ ನೋಡಿದರೆ "ಕರ್ನಾಟಕ ಕಾಯ್ದೆಯ ಪ್ರಕಾರ" ಎಂಬ ಸಾಲು ನಾಲ್ಕು ಕಡೆ ಇರುತ್ತದೆ. ಹೆಚ್ಚಿನ ವರ್ಷ ಅದರಿಂದ ಏನೂ ಆಗುವುದಿಲ್ಲ. ಜಗಳ ಬಂದ ವರ್ಷ ಎದುರು ಕಡೆಯ ವಕೀಲರು ಮೊದಲು ಹಿಡಿಯುವುದು ಆ ಸಾಲನ್ನೇ.

ವ್ಯತ್ಯಾಸ ಬರೀ ಹೆಸರಿನದ್ದಲ್ಲ. ಕರ್ನಾಟಕದ ಕಾಯ್ದೆಯಲ್ಲಿ ಮೂರರಲ್ಲಿ ಒಂದು ಪಾಲು ಸದಸ್ಯರು ಕೇಳಿಕೊಂಡರೆ ರಿಜಿಸ್ಟ್ರಾರ್ ಸಂಘದ ವ್ಯವಹಾರದ ವಿಚಾರಣೆ ಮಾಡಬಹುದು. 1860ರ ಕಾಯ್ದೆಯ ಮೂಲ ಪಠ್ಯದಲ್ಲಿ ಅಂಥ ಕಲಮು ಇಲ್ಲ. ಒಳಜಗಳ ಬಂದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಅಂದರೆ ನಮ್ಮ ಕಡೆ ಬೈಲಾವೇ ಎಲ್ಲ. ಅದರಲ್ಲಿ ಬರೆಯದೆ ಬಿಟ್ಟದ್ದನ್ನು ಸರಿಮಾಡಲು ಮೇಲಿನವರು ಯಾರೂ ಸುಲಭಕ್ಕೆ ಬರುವುದಿಲ್ಲ.

ಸಂಘ

ಏಳು ಜನ ಸೇರಿದರೆ ಸಂಘ ಆಯಿತು. ಸದಸ್ಯರು ಮಹಾಸಭೆಯಲ್ಲಿ ಸಮಿತಿಯನ್ನು ಆರಿಸುತ್ತಾರೆ, ಬೇಡ ಅನಿಸಿದರೆ ಇಳಿಸುತ್ತಾರೆ. ಯಕ್ಷಗಾನ ಕಲಾ ಸಂಘ, ಯುವಕ ಮಂಡಲ, ಭಜನಾ ಮಂಡಳಿ, ಕನ್ನಡ ಸಂಘಟನೆ ಇವಕ್ಕೆಲ್ಲ ಇದೇ ಸರಿ. ಯಾಕೆಂದರೆ ಇವು ನಡೆಯುವುದು ಊರಿನವರ ದುಡ್ಡಿನಲ್ಲಿ, ಊರಿನವರ ದುಡಿಮೆಯಲ್ಲಿ. ಅವರಿಗೆ ಮತ ಇರಲೇಬೇಕು.

ಮೇಲೆ ಹೇಳಿದ ಎರಡು ಪ್ರಶ್ನೆಗೂ ಸಂಘದಲ್ಲಿ ಉತ್ತರ ಒಂದೇ: ಸದಸ್ಯರು. ಆದರೆ ಸದಸ್ಯರು ಅಂದರೆ ಯಾರು? ಇಲ್ಲೇ ಹೆಚ್ಚಿನ ಸಂಘಗಳು ಎಡವುವುದು. ಇಪ್ಪತ್ತು ವರ್ಷದ ಹಿಂದೆ ಹತ್ತು ರೂಪಾಯಿ ಕೊಟ್ಟು ಸೇರಿದವರು, ತೀರಿಕೊಂಡವರು, ಮದುವೆಯಾಗಿ ಹೋದವರು, ಎಲ್ಲರ ಹೆಸರೂ ಪುಸ್ತಕದಲ್ಲಿ ಹಾಗೇ ಇರುತ್ತದೆ. 1860ರ ಕಾಯ್ದೆಯ 15ನೇ ಕಲಮಿನ ಪ್ರಕಾರ ಮೂರು ತಿಂಗಳಿಗಿಂತ ಹೆಚ್ಚು ಚಂದಾ ಬಾಕಿ ಇಟ್ಟವರಿಗೆ ಮತ ಹಾಕುವ ಹಕ್ಕಿಲ್ಲ, ಅವರನ್ನು ಸದಸ್ಯರ ಲೆಕ್ಕಕ್ಕೆ ಹಿಡಿಯುವ ಹಾಗೂ ಇಲ್ಲ. ಈ ಒಂದು ಕಲಮನ್ನು ಓದಿಕೊಂಡು ಪ್ರತಿ ವರ್ಷ ಸದಸ್ಯರ ಪಟ್ಟಿಯನ್ನು ತಿದ್ದುವ ಸಂಘಗಳು ಬಹಳ ಕಡಿಮೆ. ತಿದ್ದದಿದ್ದರೆ ಏನಾಗುತ್ತದೆ? ಚುನಾವಣೆಯ ಹಿಂದಿನ ವಾರ ಯಾರೋ ಒಬ್ಬರು ನಲವತ್ತು ಜನರ ಬಾಕಿ ಚಂದಾವನ್ನು ತಾವೇ ಕಟ್ಟಿ ಕರೆದುಕೊಂಡು ಬರುತ್ತಾರೆ. ಇದನ್ನು ತಡೆಯಬೇಕಾದರೆ, ಮಹಾಸಭೆಗೆ ಇಂತಿಷ್ಟು ತಿಂಗಳ ಮೊದಲು ಚಂದಾ ಕಟ್ಟಿದವರಿಗೆ ಮಾತ್ರ ಮತ ಎಂದು ಬೈಲಾದಲ್ಲೇ ಬರೆಯಿರಿ. ಒಂದೇ ಸಾಲು ಸಾಕು.

ಇನ್ನೊಂದು ಕೆಲಸ ನಾಲ್ಕನೇ ಕಲಮಿನದ್ದು. ವರ್ಷಕ್ಕೊಮ್ಮೆ, ಮಹಾಸಭೆಯ ದಿನದಿಂದ 14 ದಿನದೊಳಗೆ, ಸಮಿತಿಯವರ ಹೆಸರು, ವಿಳಾಸ, ಉದ್ಯೋಗದ ಪಟ್ಟಿಯನ್ನು ರಿಜಿಸ್ಟ್ರಾರಿಗೆ ಕೊಡಬೇಕು. ಒಂದು ವರ್ಷ ಕೊಡದಿದ್ದರೆ ಯಾರೂ ಬಂದು ಕೇಳುವುದಿಲ್ಲ, ಅದಕ್ಕೇ ಹತ್ತು ವರ್ಷ ಕೊಡುವುದಿಲ್ಲ. ಆಮೇಲೆ ಎರಡು ಬಣ ಆಗಿ, ಇಬ್ಬರೂ "ನಾವೇ ನಿಜವಾದ ಸಮಿತಿ" ಎಂದಾಗ, ಕಚೇರಿಯ ದಾಖಲೆಯಲ್ಲಿರುವುದು ಹತ್ತು ವರ್ಷ ಹಿಂದಿನ ಅಧ್ಯಕ್ಷರ ಹೆಸರು. ಬ್ಯಾಂಕಿನವರು ಖಾತೆ ತಡೆಹಿಡಿದು ಕೂರುತ್ತಾರೆ. ಅವರನ್ನು ದೂರುವ ಹಾಗಿಲ್ಲ, ಅಲ್ವಾ?

ನಮ್ಮ ಕಡೆ ಮಹಾಸಭೆಗೆ ಒಳ್ಳೆಯ ಸಮಯ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದ ಮೇಲೆ. ಆಟ, ಜಾತ್ರೆ, ಬ್ರಹ್ಮಕಲಶದ ಗೌಜಿ ಮುಗಿದಿರುತ್ತದೆ, ಮಾರ್ಚ್ 31ರ ಲೆಕ್ಕ ಆಡಿಟ್ ಆಗಲೂ ಎರಡು ತಿಂಗಳು ಸಿಕ್ಕಿರುತ್ತದೆ. ಏಪ್ರಿಲಿನಲ್ಲಿ ವಾರ್ಷಿಕೋತ್ಸವದ ದಿನವೇ, ವೇದಿಕೆಯ ಹಿಂದೆ, ಚಾ ಕುಡಿಯುತ್ತಾ ಮಹಾಸಭೆ ಮುಗಿಸುವ ಪದ್ಧತಿ ಇದೆಯಲ್ಲ, ಅದನ್ನು ಬಿಡಿ.

ಟ್ರಸ್ಟ್

ಟ್ರಸ್ಟಿನಲ್ಲಿ ಸದಸ್ಯರಿಲ್ಲ, ಟ್ರಸ್ಟಿಗಳು ಮಾತ್ರ. ಮಹಾಸಭೆ ಇಲ್ಲ, ಚುನಾವಣೆ ಇಲ್ಲ. ಟ್ರಸ್ಟ್ ಡೀಡ್ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಆಯಿತು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟುಗಳಿಗೆಂದೇ 1950ರ ಕಾಯ್ದೆ ಇದೆ, ನೋಡಿಕೊಳ್ಳಲು ಚಾರಿಟಿ ಕಮಿಷನರ್ ಇದ್ದಾರೆ. ಸೊಲ್ಲಾಪುರ, ಜತ್ತದ ಕಡೆಯ ಕನ್ನಡಿಗರಿಗೆ ಅದು ಗೊತ್ತು. ನಮಗೆ ಅಂಥ ವ್ಯವಸ್ಥೆ ಇಲ್ಲ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟುಗಳಿಗೆ, ಸಾರ್ವಜನಿಕ ದಾನದ ಟ್ರಸ್ಟುಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ.

ಹಾಗಾದರೆ ಟ್ರಸ್ಟಿಗಳನ್ನು ಇಳಿಸುವವರು ಯಾರು? ಡೀಡಿನಲ್ಲಿ ಬರೆದಿದ್ದರೆ ಅದರ ಪ್ರಕಾರ. ಬರೆದಿಲ್ಲದಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು: ಟ್ರಸ್ಟಿನಲ್ಲಿ ಹಿತಾಸಕ್ತಿ ಇರುವ ಇಬ್ಬರು ಅಥವಾ ಹೆಚ್ಚು ಜನ, ಕೋರ್ಟಿನ ಅನುಮತಿ ಪಡೆದು, ದಾವೆ ಹಾಕಬಹುದು. ಟ್ರಸ್ಟಿಯನ್ನು ತೆಗೆಯುವುದು, ಹೊಸಬರನ್ನು ನೇಮಿಸುವುದು, ಲೆಕ್ಕ ಕೊಡಿಸುವುದು ಎಲ್ಲ ಅದರಲ್ಲಿ ಆಗುತ್ತದೆ. ವರ್ಷಗಟ್ಟಲೆ ಅಲೆಯಲು ತಯಾರಿರಬೇಕು, ಅಷ್ಟೆ.

ಇಷ್ಟು ಓದಿ ಟ್ರಸ್ಟ್ ಬೇಡವೇ ಬೇಡ ಅನಿಸಬಹುದು. ಹಾಗೇನಿಲ್ಲ. ಒಂದು ಮನೆತನ ಜಾಗ ಬಿಟ್ಟುಕೊಟ್ಟಿದೆ, ಅದು ಶಾಲೆಗೋ ವಿದ್ಯಾರ್ಥಿವೇತನಕ್ಕೋ ಎಂದೆಂದಿಗೂ ಸಲ್ಲಬೇಕು, ನಾಳೆ ಮಹಾಸಭೆಯಲ್ಲಿ ಯಾರೋ ಬಹುಮತ ಮಾಡಿ ಉದ್ದೇಶ ತಿರುಗಿಸಬಾರದು ಅಂದರೆ ಟ್ರಸ್ಟೇ ಒಳ್ಳೆಯದು. ಉದ್ದೇಶವನ್ನು ಗಟ್ಟಿಯಾಗಿ ಹಿಡಿದಿಡುವುದು ಅದರ ಗುಣ. ಬದಲಾಯಿಸಲು ಕಷ್ಟ ಎಂಬುದೇ ಅದರ ಲಾಭ, ಅದೇ ಅದರ ತೊಂದರೆ ಕೂಡ.

ಟ್ರಸ್ಟ್ ಆರಿಸಿದರೆ ಡೀಡಿನಲ್ಲಿ ಈ ಮಾತುಗಳು ಇದ್ದೇ ಇರಲಿ. ಒಬ್ಬ ಟ್ರಸ್ಟಿ ಎಷ್ಟು ವರ್ಷ ಇರಬಹುದು. ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ, ಸತತವಾಗಿ ಸಭೆಗೆ ಬರದಿದ್ದರೆ ಆ ಜಾಗಕ್ಕೆ ಯಾರು, ಹೇಗೆ. ನಿರ್ಧಾರ ಬಹುಮತದಿಂದಲೋ ಸರ್ವಾನುಮತದಿಂದಲೋ. ಡೀಡನ್ನು ತಿದ್ದುವ ಅಧಿಕಾರ ಯಾರಿಗೆ, ಯಾವ ಭಾಗವನ್ನು ತಿದ್ದಲೇಬಾರದು. ಒಂದೇ ಕುಟುಂಬದಿಂದ ಎಷ್ಟು ಜನ. ಈ ಕೊನೆಯದ್ದನ್ನು ಬರೆಯಲು ಜಾಗ ಕೊಟ್ಟವರ ಎದುರು ಎಲ್ಲರಿಗೂ ಸಂಕೋಚ. ಆದರೆ ಅಣ್ಣ, ತಮ್ಮ, ಅತ್ತಿಗೆ, ಅಳಿಯ ನಾಲ್ವರೇ ಟ್ರಸ್ಟಿಗಳಾದರೆ, ಮನೆಯ ಪಾಲುಪಟ್ಟಿಯ ಜಗಳ ಟ್ರಸ್ಟಿನ ಸಭೆಗೂ ಬರುತ್ತದೆ. ಜೊತೆಗೆ ತೆರಿಗೆಯ ಕಡೆಯಿಂದಲೂ ಅಪಾಯ ಇದೆ: ಸಂಸ್ಥೆಯ ಹಣ ಅಥವಾ ಆಸ್ತಿಯಿಂದ ಸ್ಥಾಪಕರಿಗೆ, ಟ್ರಸ್ಟಿಗಳಿಗೆ, ಅವರ ನೆಂಟರಿಗೆ ಅನುಚಿತ ಲಾಭ ಆದರೆ ವಿನಾಯಿತಿಗೆ ಪೆಟ್ಟು ಬೀಳುತ್ತದೆ. ಅಳಿಯನ ಕಟ್ಟಡವನ್ನು ಬಾಡಿಗೆಗೆ ಹಿಡಿಯುವ ಮೊದಲು ಇದನ್ನು ಯೋಚಿಸಿ.

ಸೆಕ್ಷನ್ 8 ಕಂಪನಿ

2013ರ ಕಂಪನಿ ಕಾಯ್ದೆಯ ಎಂಟನೇ ಕಲಮಿನಡಿ ಲಾಭ ಹಂಚಿಕೊಳ್ಳದ ಕಂಪನಿ. ಇಬ್ಬರು ಸದಸ್ಯರು, ಇಬ್ಬರು ನಿರ್ದೇಶಕರು ಇದ್ದರೆ ಪ್ರೈವೇಟ್ ರೂಪದಲ್ಲಿ ಮಾಡಬಹುದು. ಹೆಸರಿನ ಕೊನೆಗೆ ಫೌಂಡೇಶನ್ ಅಂತ ಬಂದರೆ ಗತ್ತೂ ಇದೆ.

ಆಡಳಿತದ ಶಿಸ್ತಿನ ಮಟ್ಟಿಗೆ ಇದು ಮೂರರಲ್ಲಿ ಎಲ್ಲಕ್ಕಿಂತ ಬಿಗಿ. ಆಡಿಟ್ ಕಡ್ಡಾಯ. ಆರು ತಿಂಗಳಿಗೊಮ್ಮೆಯಾದರೂ ನಿರ್ದೇಶಕರ ಸಭೆ ಆಗಬೇಕು. ವಾರ್ಷಿಕ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ 30ರೊಳಗೆ. ಅದಾಗಿ 30 ದಿನದಲ್ಲಿ ಲೆಕ್ಕಪತ್ರದ ಫಾರಂ, 60 ದಿನದಲ್ಲಿ ವಾರ್ಷಿಕ ವರದಿಯ ಫಾರಂ. ತಡವಾದರೆ ಒಂದೊಂದು ಫಾರಮಿಗೆ ದಿನಕ್ಕೆ ನೂರು ರೂಪಾಯಿ. ಎರಡೂ ಫಾರಂ 200 ದಿನ ತಡವಾದರೆ 40,000 ರೂಪಾಯಿ. ಒಂದು ಸಣ್ಣ ಸಂಸ್ಥೆಯ ವರ್ಷದ ಚಂದಾವೇ ಅಷ್ಟಿರುವುದಿಲ್ಲ. ಮೂರು ವರ್ಷ ಸತತವಾಗಿ ಸಲ್ಲಿಸದೆ ಬಿಟ್ಟರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ಊರಿನ ಗೌರವಸ್ಥ ಮೇಷ್ಟ್ರನ್ನು "ಸುಮ್ನೆ ಹೆಸರಿಗೆ" ನಿರ್ದೇಶಕರನ್ನಾಗಿ ಮಾಡುವ ಮೊದಲು ಇದನ್ನು ಅವರಿಗೆ ಹೇಳಬೇಕು. ಹೇಳುವವರನ್ನು ನಾನು ಕಂಡಿಲ್ಲ.

ನಿರ್ದೇಶಕರನ್ನು ತೆಗೆಯುವ ದಾರಿ ಸ್ಪಷ್ಟವಾಗಿದೆ. ವಿಶೇಷ ನೋಟಿಸ್ ಕೊಟ್ಟು, ಅವರ ಮಾತು ಕೇಳಿ, ಸದಸ್ಯರು ಸಾಮಾನ್ಯ ಬಹುಮತದಿಂದ ತೆಗೆಯಬಹುದು. ಲೆಕ್ಕವನ್ನಂತೂ ಸದಸ್ಯರು ಮಾತ್ರ ಅಲ್ಲ, ಶುಲ್ಕ ಕಟ್ಟಿ ಯಾರು ಬೇಕಾದರೂ ಸರಕಾರದ ಜಾಲತಾಣದಲ್ಲಿ ನೋಡಬಹುದು. ದೂರದ ದಾನಿಗಳಿಗೆ ಇದೇ ಇಷ್ಟ. ಆದರೆ ಇಬ್ಬರೇ ಸದಸ್ಯರು, ಅವರೇ ನಿರ್ದೇಶಕರು, ಅವರೇ ಗಂಡ-ಹೆಂಡತಿ ಆದರೆ ಈ ಹಕ್ಕಿಗೆ ಏನು ಅರ್ಥ? ಕಾಗದ ಮಾತ್ರ ಬಿಗಿ.

ಸಂಬಳದ ಕೆಲಸಗಾರರು ಇದ್ದು, ದೊಡ್ಡ ಅನುದಾನ ಬರುವುದು ಖಾತ್ರಿ ಇದ್ದು, ಪ್ರತಿ ವರ್ಷ ಚಾರ್ಟರ್ಡ್ ಅಕೌಂಟೆಂಟಿಗೆ ಫೀಸು ಕೊಡುವ ಶಕ್ತಿ ಇದ್ದರೆ ಕಂಪನಿ ಮಾಡಿ. ಎಂಡೋಸಲ್ಫಾನ್ ಪೀಡಿತ ಮಕ್ಕಳಿಗೆ ಹಗಲು ಆರೈಕೆ ಕೇಂದ್ರ, ಚಿಕಿತ್ಸೆ, ಆಂಬುಲೆನ್ಸ್ ಇಂಥದ್ದಕ್ಕೆ ಅದು ಹೊಂದುತ್ತದೆ. ಎಣ್ಮಕಜೆ, ಬೆಳ್ಳೂರು ಕಡೆಯ ಮನೆಗಳಲ್ಲಿ ಈ ಆರೈಕೆ ವರ್ಷಾನುಗಟ್ಟಲೆ ನಿಲ್ಲದೆ ನಡೆಯಬೇಕಾದ ಕೆಲಸ. ಅಧ್ಯಕ್ಷರ ಉತ್ಸಾಹ ಇರುವವರೆಗೆ ಮಾತ್ರ ನಡೆದರೆ ಸಾಲದು. ಯಕ್ಷಗಾನ ತರಗತಿಗೆ, ವಾಚನಾಲಯಕ್ಕೆ ಕಂಪನಿ ಖಂಡಿತ ಬೇಡ. ವಾಚನಾಲಯದವರು ಕೇರಳ ಲೈಬ್ರರಿ ಕೌನ್ಸಿಲಿನ ಸಂಯೋಜನೆ ಪಡೆಯುವುದು ಒಳ್ಳೆಯದು. 1989ರ ಕಾಯ್ದೆಯಡಿ ತಾಲೂಕು, ಜಿಲ್ಲೆ, ರಾಜ್ಯ ಎಂದು ಚುನಾಯಿತ ಮಂಡಳಿಗಳಿವೆ, ಅನುದಾನವೂ ಇದೆ.

ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯವರು ಈ ಲೆಕ್ಕಾಚಾರಕ್ಕೆ ಇಳಿಯುವ ಮೊದಲು ತಮ್ಮ ದೇವಸ್ಥಾನ ಮಲಬಾರ್ ದೇವಸ್ವಂ ಬೋರ್ಡಿನ ಅಡಿ ಬರುತ್ತದೆಯೇ ನೋಡಿಕೊಳ್ಳಿ. ಅದರ ನಿಯಮಗಳೇ ಬೇರೆ.

ದೊಡ್ಡ ಸಮಿತಿಯೋ, ಸಣ್ಣದೋ

ನೋಂದಣಿಯ ರೂಪಕ್ಕಿಂತ ಇದು ಮುಖ್ಯ ಎಂದು ನನ್ನ ಅಭಿಪ್ರಾಯ. ನಮ್ಮ ಕಡೆಯ ಆಮಂತ್ರಣ ಪತ್ರಿಕೆ ನೋಡಿದ್ದೀರಲ್ಲ. ಗೌರವಾಧ್ಯಕ್ಷರು ಇಬ್ಬರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಉಪಾಧ್ಯಕ್ಷರು ಏಳು ಜನ, ಪ್ರಧಾನ ಕಾರ್ಯದರ್ಶಿ, ಜೊತೆ ಕಾರ್ಯದರ್ಶಿಗಳು ಆರು ಜನ, ಸಂಚಾಲಕರು, ಸಲಹೆಗಾರರು, ಕೊನೆಗೆ "ಹಾಗೂ ಊರ ಹತ್ತು ಸಮಸ್ತರು". ಒಂದು ಕಾರ್ಯಕ್ರಮಕ್ಕೆ ಇದು ಸರಿಯೇ. ಹೆಸರು ಬಂದರೆ ಜನ ಕೈಜೋಡಿಸುತ್ತಾರೆ, ರಶೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುತ್ತಾರೆ. ಆದರೆ ಇದೇ ಪಟ್ಟಿಯನ್ನು ವರ್ಷವಿಡೀ ಸಂಸ್ಥೆ ನಡೆಸುವ ಸಮಿತಿ ಮಾಡಿದರೆ ಕೆಲಸ ಕೆಡುತ್ತದೆ. ಮೂವತ್ತೊಂದು ಜನರ ಸಮಿತಿಗೆ ಬರುವುದು ಎಂಟು ಜನ. ಕೋರಂ (ಬೇಕಾದ ಕನಿಷ್ಠ ಹಾಜರಿ) ಇಲ್ಲದೆ ಸಭೆ, ಇಲ್ಲವೇ ಆಮೇಲೆ ಮನೆಗೆ ಪುಸ್ತಕ ಕಳಿಸಿ ಸಹಿ. ಎಂಟು ಜನ ಮಾಡಿದ ನಿರ್ಧಾರಕ್ಕೆ ಮೂವತ್ತೊಂದು ಜನ ಹೊಣೆ. ತಪ್ಪಾದಾಗ ಯಾರೂ ಹೊಣೆ ಅಲ್ಲ.

ಏಳರಿಂದ ಹನ್ನೊಂದು ಜನರ ಕಾರ್ಯಕಾರಿ ಸಮಿತಿ ಸಾಕು. ಉಳಿದ ಹಿರಿಯರಿಗೆ, ದಾನಿಗಳಿಗೆ, ಪಂಚಾಯತಿನವರಿಗೆ ಸಲಹಾ ಸಮಿತಿ ಮಾಡಿ. ಹೆಸರು ಪತ್ರಿಕೆಯಲ್ಲಿ ಬರಲಿ, ಗೌರವ ಇರಲಿ, ಮತ ಮತ್ತು ಚೆಕ್ ಸಹಿ ಬೇಡ. ಇದನ್ನು ಹೇಳುವಾಗ ಯಾರಿಗೂ ಬೇಸರ ಆಗದ ಹಾಗೆ ಹೇಳಬೇಕು, ನಿಜ. ಒಂದು ದಾರಿ: ಸಲಹಾ ಸಮಿತಿಯನ್ನು ಮೊದಲು ರಚಿಸಿ, ಅವರನ್ನು ಮೊದಲು ಸನ್ಮಾನಿಸಿ, ಆಮೇಲೆ ಕಾರ್ಯಕಾರಿ ಸಮಿತಿಗೆ ಹೆಸರು ಕೇಳಿ.

ಆ ಹನ್ನೊಂದರಲ್ಲಿ ಯಾರಿರಬೇಕು? ಲೆಕ್ಕ ಓದಬಲ್ಲ ಇಬ್ಬರಾದರೂ ಬೇಕು, ಖಜಾಂಚಿ ಒಬ್ಬರೇ ಓದಬಲ್ಲವರಾದರೆ ಸಾಲದು. ಸಂಸ್ಥೆಯ ಸೇವೆ ಪಡೆಯುವ ಮನೆಯವರೊಬ್ಬರು ಬೇಕು. ಮತ್ತೆ ಹೆಂಗಸರು. 1998ರಲ್ಲಿ ಕುಟುಂಬಶ್ರೀ ಶುರುವಾದಾಗಿನಿಂದ ನಮ್ಮ ಊರುಗಳಲ್ಲಿ ಹತ್ತಿಪ್ಪತ್ತು ಹೆಂಗಸರ ಘಟಕಗಳು ವಾರವಾರ ಸಭೆ ಸೇರಿ, ಉಳಿತಾಯ, ಸಾಲ, ಮರುಪಾವತಿ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ನಡೆಸುತ್ತಿವೆ. ನಡಾವಳಿ ಬರೆಯುವುದರಲ್ಲಿ ಅವರಿಗಿರುವ ಅಭ್ಯಾಸ ಊರಿನ ಎಷ್ಟೋ ಸಂಘದ ಕಾರ್ಯದರ್ಶಿಗಳಿಗಿಲ್ಲ. ಆದರೂ ಅವರನ್ನು "ಮಹಿಳಾ ಘಟಕ" ಮಾಡಿ ಪಾನಕ ಹಂಚಲು ನಿಲ್ಲಿಸುತ್ತೇವೆ. ಖಜಾಂಚಿ ಹುಡುಕುವವರು ಮೊದಲು ಆ ಕಡೆ ನೋಡಿ.

ಚುನಾವಣೆಯೋ, "ಎಲ್ಲರೂ ಒಪ್ಪಿ" ಆಯ್ಕೆಯೋ? ಸರ್ವಾನುಮತದ ಆಯ್ಕೆಗೆ ನನ್ನ ವಿರೋಧ ಇಲ್ಲ. ಸೂಚಕರು, ಅನುಮೋದಕರು, ಚಪ್ಪಾಳೆ, ಅದರಲ್ಲಿ ಊರಿನ ಒಗ್ಗಟ್ಟು ಉಳಿಯುತ್ತದೆ. ಆದರೆ ಅವಧಿಯ ಮಿತಿ ಇಲ್ಲದೆ ಸರ್ವಾನುಮತ ಇಟ್ಟರೆ, ಎದ್ದು ನಿಂತು ಬೇರೆ ಹೆಸರು ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಒಂದು ಹುದ್ದೆಯಲ್ಲಿ ಸತತ ಎರಡು ಅವಧಿ, ಒಟ್ಟು ಆರು ವರ್ಷ, ಆಮೇಲೆ ಬಿಡುವು ಎಂದು ಬರೆದಿಡಿ. ಆಗ ಅಧ್ಯಕ್ಷರನ್ನು ಇಳಿಸಬೇಕಾಗಿಲ್ಲ, ಅವರೇ ಇಳಿಯುತ್ತಾರೆ. ಎಲ್ಲರೂ ಒಟ್ಟಿಗೆ ಹೋದರೆ ಹಳೆಯ ವಿಷಯ ಗೊತ್ತಿರುವವರು ಉಳಿಯುವುದಿಲ್ಲ, ಅದಕ್ಕೆ ವರ್ಷಕ್ಕೆ ಮೂರರಲ್ಲಿ ಒಂದು ಪಾಲು ಮಾತ್ರ ಬದಲಾಗುವ ಹಾಗೆ ಮಾಡಬಹುದು. ಸ್ಥಾಪಕರಿಗೆ ಜೀವನಪೂರ್ತಿ ಅಧ್ಯಕ್ಷ ಪದವಿ ಬರೆದುಕೊಟ್ಟ ಬೈಲಾಗಳೂ ಇವೆ. ಅವರು ಇರುವಷ್ಟು ದಿನ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಮುಂದೇನು ಎಂದು ಅವರ ಎದುರು ಕೇಳುವವರಿಲ್ಲದೆ, ಅವರ ನಂತರ ಬೀಗದ ಕೈ ಎಲ್ಲಿದೆ ಎಂಬುದೂ ಗೊತ್ತಾಗುವುದಿಲ್ಲ.

ದುಡ್ಡು, ಅದರಲ್ಲೂ ಗಲ್ಫಿನ ದುಡ್ಡು

ಚೆಕ್ಕಿಗೆ ಒಬ್ಬರ ಸಹಿ ಬೇಡ. ಮೂವರಿಗೆ ಅಧಿಕಾರ ಕೊಟ್ಟು, ಯಾರಾದರೂ ಇಬ್ಬರು ಸಹಿ ಮಾಡಿದರೆ ಸಾಕು ಎಂದು ಇಡಿ. ಒಬ್ಬರು ಮಂಗಳೂರಿನ ಆಸ್ಪತ್ರೆಗೆ ಸೇರಿದರೂ ಕೆಲಸ ನಿಲ್ಲುವುದಿಲ್ಲ. ಈಗ ಎಲ್ಲ ಕ್ಯೂಆರ್ ಕೋಡಿನ ಕಾಲ. ಆ ಕೋಡು ಸಂಸ್ಥೆಯ ಖಾತೆಯದ್ದೇ ಆಗಿರಲಿ, ಕಾರ್ಯದರ್ಶಿಯ ಫೋನ್ ನಂಬರಿನದ್ದು ಬೇಡ. ಅವರು ಎಷ್ಟು ಪ್ರಾಮಾಣಿಕರು ಎಂಬ ಪ್ರಶ್ನೆಯೇ ಇಲ್ಲಿ ಇಲ್ಲ, ಅವರ ಅಡಿಕೆ ಮಾರಿದ ಹಣವೂ ಚಂದಾವೂ ಒಂದೇ ಖಾತೆಯಲ್ಲಿದ್ದರೆ ಅವರಿಗೇ ಲೆಕ್ಕ ಬಿಡಿಸಲು ಆಗುವುದಿಲ್ಲ. ನಗದು ದಾನ 2,000 ರೂಪಾಯಿಗಿಂತ ಹೆಚ್ಚಾದರೆ ಕೊಟ್ಟವರಿಗೆ 80ಜಿ ವಿನಾಯಿತಿ ಸಿಗುವುದಿಲ್ಲ ಎಂಬುದನ್ನೂ ದಾನಿಗಳಿಗೆ ತಿಳಿಸಿ.

ಗಲ್ಫಿನ ಹಣದ ಬಗ್ಗೆ ಇಲ್ಲಿ ಎರಡು ಬಗೆಯ ತಪ್ಪು ತಿಳುವಳಿಕೆ ಓಡುತ್ತಿದೆ. ಒಂದು, ದುಬಾಯಿಯಿಂದ ಬಂದದ್ದೆಲ್ಲ ವಿದೇಶಿ ಹಣ, ಮುಟ್ಟಬಾರದು. ಇನ್ನೊಂದು, ನಮ್ಮವರೇ ಕಳಿಸಿದ್ದಲ್ವಾ, ಏನೂ ಆಗಲ್ಲ. ಎರಡೂ ಅರ್ಧ ಸರಿ. ಭಾರತದ ಪಾಸ್‌ಪೋರ್ಟ್ ಇರುವ ವ್ಯಕ್ತಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿಯೊಂದನ್ನು ತೆಗೆದಿಟ್ಟುಕೊಳ್ಳಿ. ಆದರೆ ಅದೇ ವ್ಯಕ್ತಿ ಅಮೆರಿಕದ ಪೌರನಾಗಿದ್ದರೆ, ಕೈಯಲ್ಲಿ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ಮೂಲ. ಗಲ್ಫಿನಲ್ಲೋ ಬೇರೆ ಹೊರದೇಶದಲ್ಲೋ ರಚನೆಯಾದ ಕ್ಲಬ್ಬೋ ಸಂಘವೋ ಎಲ್ಲರಿಂದ ಸಂಗ್ರಹಿಸಿ ತನ್ನ ಹೆಸರಿನಲ್ಲಿ ಒಟ್ಟಿಗೆ ಕಳಿಸಿದರೂ ವಿದೇಶಿ ಮೂಲವೇ, ಕೊಟ್ಟವರೆಲ್ಲ ಮಂಜೇಶ್ವರ, ಉಪ್ಪಳದವರೇ ಆಗಿದ್ದರೂ ಸರಿ. ಅಂಥ ಹಣಕ್ಕೆ 2010ರ ವಿದೇಶಿ ದೇಣಿಗೆ ಕಾಯ್ದೆಯ ಅಡಿ ನೋಂದಣಿ ಅಥವಾ ಮುಂಗಡ ಅನುಮತಿ ಬೇಕು. ನೋಂದಣಿಗೆ ಸಾಮಾನ್ಯವಾಗಿ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಉದ್ದೇಶಕ್ಕೆ ಖರ್ಚಾಗಿರಬೇಕು, ಹಣ ಬರುವುದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ, ಆಡಳಿತದ ಖರ್ಚು ಶೇಕಡಾ 20ನ್ನು ಮೀರಬಾರದು. ಊರಿನ ಸಣ್ಣ ಸಂಸ್ಥೆಗೆ ಇದು ಆಗುವ ಮಾತಲ್ಲ. ಹಾಗಾಗಿ ಅಲ್ಲಿಯ ಗೆಳೆಯರಿಗೆ ಹೇಳಿ: ಒಟ್ಟು ಮಾಡಿ ಕಳಿಸಬೇಡಿ, ಒಬ್ಬೊಬ್ಬರೇ ತಮ್ಮ ಖಾತೆಯಿಂದ ಕಳಿಸಿ, ರಶೀದಿ ಒಬ್ಬೊಬ್ಬರ ಹೆಸರಿಗೇ ಕೊಡುತ್ತೇವೆ.

ಗಲ್ಫಿನಲ್ಲಿರುವವರನ್ನು ಸಮಿತಿಗೆ ಸೇರಿಸಿಕೊಳ್ಳಬಹುದೇ? ಒಬ್ಬಿಬ್ಬರನ್ನು ಸೇರಿಸಿಕೊಳ್ಳಿ, ವಿಡಿಯೋ ಕರೆಯಲ್ಲಿ ಹಾಜರಾಗುವುದಕ್ಕೆ ಬೈಲಾದಲ್ಲಿ ಅವಕಾಶ ಬರೆಯಿರಿ. ಚೆಕ್ ಸಹಿ ಮಾತ್ರ ಇಲ್ಲಿರುವವರದ್ದಾಗಿರಲಿ. ಇನ್ನು ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ತೋರಿಸಿದ್ದನ್ನು ನಿರ್ಣಯ ಎನ್ನಲಾಗದು. ತುರ್ತಿಗೆ ಅಲ್ಲಿ ಮಾತಾಡಿ, ಮುಂದಿನ ಸಭೆಯಲ್ಲಿ ಅದನ್ನು ನಡಾವಳಿಯಲ್ಲಿ ಬರೆದು ಒಪ್ಪಿಗೆ ಪಡೆಯಿರಿ.

ನಡಾವಳಿ ಕನ್ನಡದಲ್ಲೇ ಇರಲಿ. ಕಚೇರಿಗೆ ಬೇಕಾದ ನಿರ್ಣಯದ ಪ್ರತಿಯನ್ನು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಮಾಡಿಸಿಕೊಳ್ಳಬಹುದು. ಬೈಲಾ ಇಂಗ್ಲಿಷಿನಲ್ಲಿ ನೋಂದಣಿ ಆಗಿದ್ದರೆ ಅದರ ಕನ್ನಡ ಪ್ರತಿ ಪ್ರತಿ ಸದಸ್ಯರ ಕೈಗೂ ಹೋಗಬೇಕು. ಓದಲಾಗದ ಬೈಲಾ ಇಟ್ಟುಕೊಂಡು ಲೆಕ್ಕ ಕೇಳಿ ಎಂದರೆ ಯಾರು ಕೇಳುತ್ತಾರೆ?

ಈಗಾಗಲೇ ಸಂಘ ಇದ್ದರೆ

"ನಮ್ಮದು ಸಂಘ, ಈಗ ಟ್ರಸ್ಟ್ ಮಾಡಬೇಕು" ಎಂದು ಕೇಳುವವರು ಬಹಳ. ಕಾರಣ ಕೇಳಿದರೆ, ಮಹಾಸಭೆಯ ಕಿರಿಕಿರಿ ಬೇಡ ಅಂತ. ಅದೇ ಕಾರಣ ಆದರೆ ಮಾಡಬೇಡಿ. ಸಂಘವನ್ನು ಹೆಸರು ಬದಲಿಸಿ ಟ್ರಸ್ಟ್ ಮಾಡುವ ಸರಳ ದಾರಿ 1860ರ ಕಾಯ್ದೆಯಲ್ಲಿ ಇಲ್ಲ. ವಿಸರ್ಜನೆ ಮಾಡಿದರೆ ಸಾಲ ತೀರಿಸಿ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆ ಆಗುವ ಹಾಗಿಲ್ಲ, ಸದಸ್ಯರು ಆರಿಸಿದ ಇನ್ನೊಂದು ಸಂಘಕ್ಕೆ ಹೋಗಬೇಕು.

ಉದ್ದೇಶವನ್ನು ಬದಲಿಸುವುದು ಅಥವಾ ಇನ್ನೊಂದು ಸಂಘದೊಂದಿಗೆ ಸೇರುವುದು ಆಗುತ್ತದೆ, ಆದರೆ 12ನೇ ಕಲಮಿನ ದಾರಿಯಲ್ಲಿ. ಪ್ರಸ್ತಾವವನ್ನು ಬರೆದು ಎಲ್ಲ ಸದಸ್ಯರಿಗೆ ಹತ್ತು ದಿನ ಮೊದಲು ಕಳಿಸಿ, ವಿಶೇಷ ಸಭೆ ಕರೆದು, ಒಟ್ಟು ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಒಪ್ಪಬೇಕು. ಒಂದು ತಿಂಗಳ ಅಂತರದಲ್ಲಿ ಎರಡನೇ ವಿಶೇಷ ಸಭೆ ಕರೆದು, ಹಾಜರಿದ್ದವರಲ್ಲಿ ಐದರಲ್ಲಿ ಮೂರು ಪಾಲು ಮತ್ತೆ ಒಪ್ಪಬೇಕು. ಪುಸ್ತಕದಲ್ಲಿ 300 ಜನ ಇದ್ದರೆ ಮೊದಲ ಸಭೆಗೆ 180 ಮತ ಬೇಕು. ಚಂದಾ ಬಾಕಿಯವರನ್ನು ಬಿಟ್ಟು ಪಟ್ಟಿ ಶುದ್ಧ ಮಾಡಿದಾಗ ಉಳಿಯುವುದು 90 ಜನ ಎಂದಾದರೆ 54 ಸಾಕು. ಹಾಗಾಗಿ ವಕೀಲರ ಹತ್ತಿರ ಹೋಗುವ ಮೊದಲು ಸದಸ್ಯತ್ವದ ಪುಸ್ತಕ ತೆಗೆದು, ಬಾಕಿ ಇರುವವರಿಗೆಲ್ಲ ನೋಟಿಸ್ ಕಳಿಸಿ, ಕಟ್ಟಲು ಸಮಯ ಕೊಟ್ಟು, ಆ ಕೆಲಸ ಮುಗಿಸಿಕೊಳ್ಳಿ.